ಬಿಡ್ತು ಅನ್ನದ ಓನರಮ್ಮ

ಬಾಗಿಲಲ್ಲಿ ಮೊದಲು ಕುತ್ತಿಗೆ ಕಾಣಿಸುತ್ತಿತ್ತು, ಆಮೇಲೆ ಅದರಲ್ಲಿ ತೂಗಾಡುವ ಎರಡೆಳೆ ಸರ, ಕೊನೆಗೆ ಓನರಮ್ಮ. ಮತ್ತಿಕೆರೆಯ ನಮ್ಮ ಬಾಡಿಗೆ ಮನೆಯ ಒಡತಿ. ಅವರು ಮೂರನೇ ಮಹಡಿಯಲ್ಲಿ, ನಾನೂ ಅಮ್ಮನೂ ಎಲ್ಲಕ್ಕಿಂತ ಕೆಳಗೆ. ಕುಕ್ಕರ್ ಕೂಗಿದರೆ ಒಳಗೇನು ಬೇಯುತ್ತಿದೆ ಎಂದು ಅವರಿಗೆ ತಿಳಿಯಬೇಕು, ಕೊರಿಯರ್ ಬಂದರೆ ಡಬ್ಬ ಒಡೆಯುವ ತನಕ ಕದಲುವವರಲ್ಲ. "ಕೇಳಿದ್ರೆ ನಿಮ್ಮಪ್ಪನ ಮನೆ ಗಂಟೇನೋಯ್ತದೆ?" ಅನ್ನುವರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಬಟ್ಟೆ ಒಣಹಾಕಲು ತಾರಸಿಗೆ ಹೋಗುತ್ತಾ ನಾನು ಮೆಟ್ಟಿಲಲ್ಲೇ ಏದುಸಿರು ಬಿಡುತ್ತಾ ಕೂತದ್ದನ್ನು ಮೊದಲು ಕಂಡವರೂ ಅವರೇ. ಹೃದಯದ ಕವಾಟ ಸೋರುತ್ತಿದೆ, ಆಪರೇಷನ್ ಮಾಡಿ ರಿಪೇರಿ ಮಾಡದಿದ್ದರೆ ಜೀವಕ್ಕೇ ಅಪಾಯ ಎಂದರು ಹೆಬ್ಬಾಳದ ಆಸ್ಪತ್ರೆಯ ಡಾಕ್ಟರು. ಎದೆ ಸೀಳುತ್ತಾರೆ ಎಂದು ನಾವೇ ಅಂದುಕೊಂಡೆವು. ಡಾಕ್ಟರನ್ನು ಕೇಳಲಿಲ್ಲ. ಹೆದರಿಕೆಯಲ್ಲಿ ನಾನು ಸುಮ್ಮನೆ ದಿನ ತಳ್ಳುತ್ತಿದ್ದೆ.

ಮತ್ತೆ ಆಸ್ಪತ್ರೆಗೆ ಹೊರಟಾಗ ಓನರಮ್ಮ ಕರೆಯದಿದ್ದರೂ ಆಟೋ ಹತ್ತಿದರು. ಡಾಕ್ಟರ ಮುಂದೆ ನಾನೂ ಅಮ್ಮನೂ ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆವು. ಓನರಮ್ಮ ಕುತ್ತಿಗೆ ಚಾಚಿದರು.

"ಎದೆ ಸೀಳ್ದೇ ಮಾಡಾಕಾಗಲ್ವಾ ಸಾರ್?"

"ಇವರಿಗೆ ಆಗುತ್ತಮ್ಮ," ಎಂದು ಡಾಕ್ಟರು ಚಿತ್ರ ಬರೆದೇ ತೋರಿಸಿದರು. ಬಲಗಡೆ ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು, ಅಲ್ಲಿಂದ ಕ್ಯಾಮೆರಾ, ಉದ್ದನೆಯ ಸಲಕರಣೆ ತೂರಿಸಿ, ಕವಾಟ ಹೊಲಿದು, ಸುತ್ತ ಒಂದು ಉಂಗುರ ಕೂರಿಸುತ್ತಾರಂತೆ.

"ಮಧ್ಯದಾಗೆ ಆಗ್ದಿದ್ರೆ?"

ಅಮ್ಮ ಬೆಚ್ಚಿಬಿದ್ದಳು. "ಬಿಡ್ತು ಅನ್ನಿ! ಬಿಡ್ತು ಅನ್ನಿ!"

"ಇರವ್ವ, ಮೊದ್ಲು ಕೇಳಾನ."

"ಆಗ ಎದೆ ತೆರೀಬೇಕಾಗುತ್ತೆ. ಅದಕ್ಕೂ ರೆಡಿಯಾಗೇ ಇರ್ತೀವಿ," ಎಂದರು ಡಾಕ್ಟರು.

ನಾನು ಗಂಟಲಲ್ಲೇ ನುಂಗಿಕೊಂಡಿದ್ದ ಪ್ರಶ್ನೆ ಅದು. ಉತ್ತರ ಕೇಳಿದ ಮೇಲೆ ಅದೇನು ಧೈರ್ಯ ಬಂತೋ, "ಮಾಡಿ ಸಾರ್" ಎಂದುಬಿಟ್ಟೆ.

ಸಣ್ಣ ಗಾಯದಲ್ಲೇ ಕೆಲಸ ಮುಗಿಯಿತು. ಮನೆಗೆ ಬಂದೊಡನೆ ಓನರಮ್ಮ ಕನ್ನಡಕ ಏರಿಸಿ ಅದನ್ನು ನೋಡಿ, "ಅಯ್ಯೋ, ಇಷ್ಟೇನಾ!" ಎಂದರು, ಮೋಸಹೋದವರಂತೆ. ಆಪರೇಷನ್ ಮುಗಿಯುವ ತನಕ ಇದೇ ಹೆಂಗಸು ಹೊರಗೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು "ಬಿಡ್ತು, ಬಿಡ್ತು" ಎನ್ನುತ್ತಿದ್ದರಂತೆ. ಅಮ್ಮ ಹೇಳಿದಳು.

ಹೋದ ವರ್ಷ ಒಂದು ಬೆಳಗ್ಗೆ ಮೇಲಿನಿಂದ ಅವರ ಸೊಸೆ ಕಿರುಚಿದ್ದು ಕೇಳಿಸಿತು. ಓಡಿದೆ. ಓನರಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅವರ ಕೈ ಹಿಡಿದುಕೊಂಡು ಕೂತ ಮೇಲೆ ನನಗೆ ಗೊತ್ತಾಯಿತು, ಮೂರೂ ಮಹಡಿ ಎಲ್ಲೂ ನಿಲ್ಲದೆ ಹತ್ತಿ ಬಂದಿದ್ದೇನೆ ಎಂದು. ಆಗ ಜೋರಾಗಿ ಅತ್ತುಬಿಟ್ಟೆ.