ಸಾಲು ಬಿಟ್ಟವಳು

ಪದ್ಮಾವತಿ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ನವಿ ಮುಂಬಯಿಯ ಕೋಪರಖೈರಣೆಗೆ ಬಂದಮೇಲೆ ಎಷ್ಟು ಬಾಡಿಗೆ ಖೋಲಿ ಬದಲಿಸಿದಳೋ ಅವಳಿಗೇ ನೆನಪಿಲ್ಲ. ವಾಶಿಯ ಮಾಲಿನಲ್ಲಿ ಬಟ್ಟೆ ಮಡಚಿದಳು, ಬಿಟ್ಟಳು. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸಿದಳು, ಅದನ್ನೂ ಬಿಟ್ಟಳು. ಈಗ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುತ್ತಾಳೆ. ಇದೊಂದು ಕೆಲಸ ಕೈಗೆ ಹತ್ತಿದೆ, ಯಾಕೆಂದರೆ ದೊಡ್ಡ ಹಂಡೆಯಲ್ಲಿ ಬೇಯಿಸುವುದು ಅವಳಿಗೆ ಸಲೀಸು. ಒಬ್ಬಳಿಗೆಂದು ಬೇಯಿಸಲು ಇವತ್ತಿಗೂ ಬರುವುದಿಲ್ಲ.

ಅವಳು ಹುಟ್ಟಿ ಬೆಳೆದ ಮಂಡಳಿ ಇರುವುದು ತುರ್ಭೆಯಲ್ಲಿ, ಕಾರ್ಖಾನೆಗಳ ಹಿಂದೆ, ಗುಡ್ಡದ ಬುಡಕ್ಕೆ. ರಾಯಚೂರು ಕಡೆಯಿಂದ ಹಮಾಲಿಗೆ ಬಂದ ಕೆಲವು ಕುಟುಂಬಗಳು ಒಬ್ಬ ಹಿರಿಯನ ಮಾತಿಗೆ ಕಟ್ಟುಬಿದ್ದು ಮಾಡಿಕೊಂಡದ್ದು ಅದು. ಇಂಥವು ಬೇರೆ ಊರುಗಳಲ್ಲೂ ಒಂದೆರಡಿವೆ. ದೇವರು ಒಬ್ಬ, ಒಲೆ ಒಂದು. ಗಂಡಸರ ಹಮಾಲಿಯ ದುಡಿಮೆ, ಹೆಂಗಸರು ಬಡಿದು ಮಾರುವ ಖಡಕ್ ರೊಟ್ಟಿಯ ದುಡಿಮೆ, ಎಲ್ಲವೂ ಒಂದೇ ಪೆಟ್ಟಿಗೆಗೆ. ಊಟ ಎಲ್ಲರಿಗೂ ಒಂದೇ ಸಾಲಿನಲ್ಲಿ. ಟಿವಿ, ಮೊಬೈಲು ಇಲ್ಲ. ‘ನನ್ನದು’ ಎಂಬ ಮಾತು ಬಾಯಿತಪ್ಪಿ ಬಂದರೂ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಹಾಲು ಬಿಟ್ಟ ಮಕ್ಕಳು ಮಕ್ಕಳ ಕೋಣೆಗೆ ಹೋಗುತ್ತಾರೆ. ಅಲ್ಲಿಂದಾಚೆ ಎಲ್ಲ ಹೆಂಗಸರೂ ಅವ್ವಂದಿರೇ. ಪದ್ಮಾವತಿಯನ್ನು ಹೆತ್ತ ಬಾಲಮ್ಮನೂ ಅವರಲ್ಲಿ ಒಬ್ಬಳು, ಅಷ್ಟೆ.

ಹಾಗಂತ ಅದು ನರಕವೇನಲ್ಲ. ಜ್ವರ ಬಂದರೆ ತಲೆದಿಂಬಿನ ಹತ್ತಿರ ನಾಲ್ಕು ಜನ ಕೂತಿರುತ್ತಿದ್ದರು, ಮುದುಕರು ಯಾರ ಹಂಗಿನಲ್ಲೂ ಇರಲಿಲ್ಲ. ಇದನ್ನು ಪದ್ಮಾವತಿ ಯಾರೆದುರಿಗೂ ಅಲ್ಲಗಳೆಯುವುದಿಲ್ಲ. ಆದರೆ ಏಳನೆಯ ತರಗತಿಗೆ ಶಾಲೆ ಬಿಡಿಸಿ ರೊಟ್ಟಿ ಬಡಿಯಲು ಕೂರಿಸಿದಾಗಲೇ ಅವಳ ಜೀವ ಚಡಪಡಿಸತೊಡಗಿತ್ತು. ಈಗಿನ ಹಿರಿಯ ಮಾನಪ್ಪ ತಾನೇ ನೋಡಿ ಮದುವೆ ಗೊತ್ತುಮಾಡಿದ ವಾರ, ಅಂಗಡಿಗೆ ರೊಟ್ಟಿ ಕೊಡಲು ಹೋದಾಗ ಜೊತೆಯವಳ ಕಣ್ಣು ತಪ್ಪಿಸಿದವಳು ತಿರುಗಿ ಬರಲಿಲ್ಲ.

ಯಾರೂ ಹುಡುಕಿಕೊಂಡು ಬರಲಿಲ್ಲ, ಬೈಯಲಿಲ್ಲ. ಬಿಟ್ಟುಹೋದವರ ಅನ್ನವನ್ನು ಮಂಡಳಿಯವರು ಉಣ್ಣುವುದಿಲ್ಲ. ಶಿಕ್ಷೆ ಅಂದರೆ ಅದೊಂದೇ.

ಹೊರಗೆ ಬಂದ ಮೊದಲ ವಾರವೇ ಅವಳು ಕಳ್ಳಿಯಾದಳು. ಅವಳು ಸೇರಿದ್ದ ಹುಡುಗಿಯರ ಹಾಸ್ಟೆಲಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿಯಿತ್ತು. ಮಂಡಳಿಯಲ್ಲಿ ಕಾಲಿಗೆ ಹಿಡಿಸಿದ್ದನ್ನು ಮೆಟ್ಟಿಕೊಂಡು ಹೋಗುವುದೇ ರೂಢಿ. ಇವಳೂ ಹಾಗೇ ಹೋದಳು. ಸಂಜೆ ಬರುವಷ್ಟರಲ್ಲಿ ಮಂಗಳೂರು ಕಡೆಯ ರಮಿತಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ಇದು ನನ್ನ ಚಪ್ಪಲ್ ಮಾರಾಯ್ತಿ, ನಿಂಗೆ ಕೇಳ್ಲಿಕ್ಕೆ ಬಾಯಿಲ್ವಾ?” ಎಂದಳು. ಕೇಳಬೇಕು ಎಂಬುದೇ ಪದ್ಮಾವತಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದಳು. ಮರುದಿನವೇ ಗಂಟುಮೂಟೆ ಕಟ್ಟಿದಳು, ಆಮೇಲೆ ಅದೇ ಚಾಳಿಯಾಯಿತು.

ಇಷ್ಟು ವರ್ಷ ಎಲ್ಲಿ ಹೋದರೂ ಒಂದು ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ. ಅಷ್ಟು ಮಕ್ಕಳ ನಡುವೆ ಬಾಲಮ್ಮನಿಗೆ ತಾನು ಎಂದಾದರೂ ಬೇರೆಯಾಗಿ ಕಂಡದ್ದುಂಟೇ? ಬಾಲಮ್ಮ ಕೋಪರಖೈರಣೆಯ ಕಿರಾಣಿ ಅಂಗಡಿಗೆ ರೊಟ್ಟಿ ಹೊತ್ತು ತರುತ್ತಿದ್ದಳು, ಆದರೆ ಜೊತೆಗೆ ಯಾವಾಗಲೂ ಇನ್ನೊಬ್ಬಳು. ಮಂಡಳಿಯ ಹೆಂಗಸರು ಒಂಟಿಯಾಗಿ ಹೊರಬೀಳುವುದಿಲ್ಲ. ರಸ್ತೆಯಲ್ಲಿ ಸಿಕ್ಕರೆ ಆರಾಮೇನು ಅನ್ನುವುದು, ಆರಾಮ ಅನ್ನುವುದು, ಅಲ್ಲಿಗೆ ಮುಗಿಯಿತು. ಕಡೆಗೆ ಈ ಶ್ರಾವಣದಲ್ಲಿ ಪದ್ಮಾವತಿ ಅಡ್ಡ ನಿಂತು, ಖೋಲಿಗೆ ಒಮ್ಮೆ ಬಾ ಎಂದು ಹಟ ಹಿಡಿದಳು. ಜೊತೆಗಾತಿ ಒಳ್ಳೆಯವಳು. ಮೊಣಕಾಲು ನೋವೆಂದು ಅಂಗಡಿ ಕಟ್ಟೆಯ ಮೇಲೆ ಕೂತು ಇನ್ನೊಂದು ಕಡೆಗೆ ಮುಖ ಮಾಡಿದಳು.

ಖೋಲಿಯಲ್ಲಿ ಪದ್ಮಾವತಿ ಬಿಸಿ ಅನ್ನ, ಪುಂಡಿಪಲ್ಯ ಬಡಿಸಿ ಗಂಗಾಳ ಮುಂದಿಟ್ಟಳು. ಬಾಲಮ್ಮ ಮುಟ್ಟಲಿಲ್ಲ. ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಪದ್ಮಾವತಿಗೆ ಸಂಕಟವಾಯಿತು. ಕಿಟಕಿಗೂ ಬಾಗಿಲಿಗೂ ಓಡಾಡಿದಳು, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

“ಅವ್ವ, ನಾ ನಿನ್ನ ಮಗಳು ಅಂತ ನಿನಗ ಒಂದಿನಾರ ಅನಿಸಿತ್ತೇನು?”

ಬಾಲಮ್ಮ ಗಂಗಾಳದ ಕಡೆ ನೋಡುತ್ತ ಹೇಳಿದಳು.

“ಸಾಲಿನ್ಯಾಗ ಬಡಸೂವಾಗ ನಿನ್ನ ಹತ್ರ ಬಂದ್ರ ಕೈ ತಾನಾಗೇ ಜಾಸ್ತಿ ಹಾಕಾಕ ಹೋಗತಿತ್ತು. ಯಾರರ ನೋಡಿದ್ರ ನಿನ್ನ ಬ್ಯಾರೆ ಮಂಡಳಿಗಿ ಕಳಸ್ತಿದ್ರು. ಅದಕ್ಕ ಎಲ್ಲಾರಿಗಿಂತ ನಿನಗ ಕಡಿಮಿ ಹಾಕ್ತಿದ್ದೆ.”

ಪದ್ಮಾವತಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. “ನನಗ ಹಸಿವಾಗತಿತ್ತವ್ವ” ಎಂದಳು.

“ಗೊತ್ತಿತ್ತು.”

ಬಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಗಾಳ ಹತ್ತಿರ ಎಳೆದುಕೊಂಡಳು. ತಾನು ಉಣ್ಣುವಂತಿಲ್ಲ, ಉಣಿಸಬಾರದು ಅಂತ ಮಾತ್ರ ಯಾರೂ ಹೇಳಿಲ್ಲ ಎಂದಳು. ಅನ್ನಕ್ಕೆ ಪಲ್ಯ ಕಲಸಿ ಮೊದಲ ತುತ್ತು ಮಗಳ ಬಾಯಿಗಿಟ್ಟಳು. ಕೂದಲು ಅಲ್ಲಲ್ಲಿ ಬೆಳ್ಳಗಾಗುತ್ತಿದ್ದ ಪದ್ಮಾವತಿ ಬಿಕ್ಕುತ್ತಲೇ ಉಂಡಳು. ಗಂಗಾಳ ಬರಿದಾಯಿತು. ಬಾಲಮ್ಮ ಅಭ್ಯಾಸಬಲದಿಂದ ಒಮ್ಮೆ ಬಾಗಿಲ ಕಡೆ ನೋಡಿ, ಪಾತ್ರೆಯಿಂದ ಇನ್ನೊಂದು ಸೌಟು ಹಾಕಿದಳು.