ಹಾಡಿನ ನಡುವೆ ನಕ್ಕವಳು

ಹೋದ ತಿಂಗಳು ಅಕ್ಕನ ಮಗನಿಗೆ ಕನ್ಯೆ ನೋಡಲೆಂದು ಬ್ಯಾಡಗಿಯಿಂದ ಹಾವೇರಿಗೆ ಹೊರಟಿದ್ದೆವು. ದಾರಿಯಲ್ಲಿ ಹೆದ್ದಾರಿಯ ಹೊಟೇಲೊಂದರಲ್ಲಿ ಚಹಾಕ್ಕೆ ಇಳಿದೆವು. ಈಗಿನ ಹೊಟೇಲುಗಳ ಚಾಳಿ ನಿಮಗೂ ಗೊತ್ತು. ಮಿರ್ಚಿ ಭಜಿ ಕರಿಯುವಲ್ಲಿಯೂ ತಲೆಯ ಮೇಲಿನಿಂದ ಯಾವುದೋ ದೇಶದ ಸಂಗೀತ ಸಣ್ಣಗೆ ಬರುತ್ತಿರಬೇಕು. ಅದನ್ನು ಯಾರೂ ಕೇಳುವುದಿಲ್ಲ. ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದ ನಾನೂ ಕೇಳುತ್ತಿರಲಿಲ್ಲ, ಹಾಡಿನ ನಡುವೆ ಆ ಹೆಂಗಸು ನಗುವವರೆಗೆ. ಆ ನಗು ನನಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತು. ತಟ್ಟನೆ ಎದುರಿಗೆ ಕೂತಿದ್ದ ಅಕ್ಕನನ್ನು ನೋಡಿದೆ. ಅವಳು ಚೀಲದಿಂದ ಕೆಮ್ಮಿನ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡಳು. ಅಷ್ಟೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ರಾಣೆಬೆನ್ನೂರಿನ ನಮ್ಮ ಮನೆಗೆ ಆ ಹೆಂಗಸು ಬಂದದ್ದು ಕಾಕಾನ ಚೀಲದಲ್ಲಿ, ಕ್ಯಾಸೆಟ್ಟಾಗಿ. ಕಾಕಾ, ಅಂದರೆ ಅಪ್ಪನ ತಮ್ಮ, ಗೋವಾದ ದೊಡ್ಡ ಹೊಟೇಲಿನಲ್ಲಿ ಅಡಿಗೆ ಕೆಲಸಕ್ಕಿದ್ದ. ಯಾರೋ ವಿದೇಶಿ ಗಿರಾಕಿ ಖುಷಿಯಾಗಿ ಕೊಟ್ಟದ್ದಂತೆ. ಡಬ್ಬಿಯ ಮೇಲೆ ಪಿಯಾನೋ ಮುಂದೆ ಕೂತ ಹೆಂಗಸಿನ ಚಿತ್ರವಿತ್ತು.

“ಈಕಿ ಜಾಝ್ ಹಾಡಾಕಿ. ಬಾರ್ಸೂದೂ ಈಕಿನ, ಹಾಡೂದೂ ಈಕಿನ,” ಎಂದ ಕಾಕಾ. “ಆದ್ರ ಇದರ ತುಂಬ ಸಾಂಬಾ ಐತಿ. ಬ್ರೆಜಿಲ್ ದೇಶದ ಮಂದಿ ಕುಣಿಯೂ ಹಾಡು. ಅದರ ಮ್ಯಾಲೆ ಈಕೀಗೆ ಜೀವ ಅಂತ. ಹಂಗಾಗಿ ಇಡೀ ಕ್ಯಾಸೆಟ್ ಅದಕ್ಕ ಕೊಟ್ಟಾಳ.”

ಅಕ್ಕ ಆಗ ನಮ್ಮೂರ ಗವಾಯಿ ಮಾಸ್ತರರ ಹತ್ತಿರ ಹಾರ್ಮೋನಿಯಂ ಇಟ್ಟುಕೊಂಡು ಹಾಡು ಕಲಿಯುತ್ತಿದ್ದಳು. ಮಾಸ್ತರರ ಮುಂದೆ ನಗುವುದಿರಲಿ, ಸೀನುವುದಕ್ಕೂ ಅಪ್ಪಣೆ ಬೇಕು. ಈ ಹೆಂಗಸೋ, ಸಾಲಿನ ನಡುವೆ ಏನೋ ನೆನಪಾದವಳ ಹಾಗೆ ಕಿಸಕ್ಕನೆ ನಕ್ಕು, ಉಳಿದ ಸಾಲನ್ನು ಬೆರಳಿಗೆ ಬಿಟ್ಟುಕೊಡುತ್ತಿದ್ದಳು. ಅಕ್ಕ ಆ ಜಾಗವನ್ನು ಹಿಂದೆ ಮುಂದೆ ಓಡಿಸಿ ಕೇಳಿದ್ದೇ ಕೇಳಿದ್ದು. “ತಾಳ ಬರೂಕಿಂತ ಮೊದ್ಲ ಹೊಡೀತಾಳ ನೋಡ, ಆದ್ರೂ ತಪ್ಪಂಗಿಲ್ಲ. ನಕ್ರೂ ತಪ್ಪಂಗಿಲ್ಲ!” ಎನ್ನುತ್ತಿದ್ದಳು.

ಅವಳ ಹೊಟ್ಟೆಕಿಚ್ಚು ಒಂದೇ. “ಆಕೀಗೆ ಎರಡೂ ಕೈ ಅದಾವ. ನಂದೊಂದು ಕೈ ಗಾಳಿ ಹಾಕೂದರಾಗ ಹೋತು.” ಹಾರ್ಮೋನಿಯಂನ ಹಣೆಬರಹವೇ ಹಾಗೆ, ಎಡಗೈ ಹಿಂದಿನ ತಿದಿ ಒತ್ತುತ್ತಲೇ ಇರಬೇಕು. ಅದಕ್ಕೆ ಅಕ್ಕ ನನ್ನನ್ನು ಪೆಟ್ಟಿಗೆಯ ಹಿಂದೆ ಕೂರಿಸಿದಳು. ತಿದಿ ನನ್ನದು, ಎರಡು ಕೈಯ ಸಾಂಬಾ ಅವಳದು. ನನ್ನ ಸಂಗೀತ ಸಾಧನೆ ಗಾಳಿ ಹಾಕುವುದರಿಂದ ಶುರುವಾಗಿ ಗಾಳಿ ಹಾಕುವುದರಲ್ಲೇ ಮುಗಿಯಿತು. ಅದನ್ನೂ ನೆಟ್ಟಗೆ ಮಾಡಲಿಲ್ಲ. ಕಿಟಕಿಯ ಕಡೆ ನೋಡುತ್ತ ಕೈಬಿಟ್ಟರೆ ಬ್ರೆಜಿಲ್ ದೇಶವೇ ಉಸಿರುಗಟ್ಟಿ ಕೂತುಬಿಡುತ್ತಿತ್ತು. “ಗಾಳಿ, ಗಾಳಿ!” ಎಂದು ಅಕ್ಕ ಚೀರುತ್ತಿದ್ದಳು. ಒಳಗಿನಿಂದ ಅವ್ವ, “ಹುಚ್ಚು ಹಿಡದೈತೇನ ಇವಕ್ಕ?” ಎನ್ನುತ್ತಿದ್ದಳು. ಅಷ್ಟು ಸುಖವಾಗಿ ನಾನು ಮತ್ತೆ ಬೈಸಿಕೊಂಡಿಲ್ಲ.

ಧಾರವಾಡಕ್ಕೆ ಹೋಗಿ ಸಂಗೀತವನ್ನೇ ಓದಬೇಕು, ಬದುಕಿರುವತನಕ ಹಾಡಬೇಕು ಎಂಬುದು ಅಕ್ಕನ ಆಸೆ. ಬೇರೇನನ್ನೂ ಅವಳು ಯಾರ ಹತ್ತಿರವೂ ಬೇಡಿದವಳಲ್ಲ. ಅಪ್ಪ ಸಿಟ್ಟಾಗಲಿಲ್ಲ. “ಹಾಡು ಅಂದ್ರ ಪ್ರೀತಿ ಇರೂ ಮನೀನ ನೋಡಿ ಕೊಡ್ತೇನಿ. ಅಲ್ಲೇ ಕಲಿಯಂತಿ,” ಎಂದರು.

ಅಂಥ ಮನೆ ಸಿಕ್ಕಿತು, ಬ್ಯಾಡಗಿಯಲ್ಲಿ. ಮೆಣಸಿನಕಾಯಿ ದಲಾಲಿ ಅಂಗಡಿಯವರು. ಕನ್ಯೆ ನೋಡಲು ಬಂದವರು ಜಮಖಾನೆಯ ಮೇಲೆ ಕೂತು, “ಹಾಡಾಕ ಬರ್ತೈತೇನವಾ?” ಎಂದು ಕೇಳಿದರು. ಅಕ್ಕ ದೇವರ ಹಾಡು ಹಾಡಿದಳು. ಅತ್ತೆಯಾಗುವವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೊಂದು ಎಂದಾಗ ಅಕ್ಕ ನನಗೆ ಕಣ್ಣು ಹೊಡೆದಳು. ನಾನು ತಿದಿಗೆ ಕೈಹಚ್ಚಿದೆ. ಮಾತಿಲ್ಲದೆ, ಬರೀ ಗುನುಗುತ್ತ, ಅವಳು ಸಾಂಬಾ ಬಾರಿಸಿದಳು. ಮಾವನಾಗುವವರು ತಲೆದೂಗಿ, ಇದು ಯಾವ ಕಡೆಯದು ಎಂದು ಕೇಳಿದರು. ಅಪ್ಪ ಗಂಟಲು ಸರಿಮಾಡಿಕೊಂಡು, “ಉತ್ತರದ ಕಡೀದ್ರಿ,” ಎಂದರು. ಅಲ್ಲೇ ಒಪ್ಪಿಗೆಯಾಯಿತು. “ಹಾಡೂ ಸೊಸೀನ ಬೇಕಾಗಿತ್ತು ನಮಗ. ಮನಿ ತುಂಬ ಹಾಡ್ಕೊಂತ ಇರ್ಲಿ,” ಎಂದರು ಅವರು.

ಈ ಮಾತನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಯಾಕೆಂದರೆ ಅವರು ಸುಳ್ಳು ಹೇಳಿರಲಿಲ್ಲ. ಹಾಡಬೇಡ ಎಂದು ಆ ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಸುಗ್ಗಿಯಲ್ಲಿ ಊರೂರಿನಿಂದ ಮಾಲು ತಂದ ರೈತರಿಗೆಲ್ಲ ಊಟ ಇವರಲ್ಲೇ. ಅಕ್ಕ ರೊಟ್ಟಿ ಬಡಿದು ಕೈತೊಳೆಯುವುದರೊಳಗೆ ಮುಂದಿನ ಪಂಗತಿ ಕೂತಿರುತ್ತಿತ್ತು. ಕಾಯಿಯ ಕೆಂಪು ಧೂಳು ಮೆಟ್ಟಿಲು ಹತ್ತಿ ಬಂದು ಹಾಸಿಗೆ, ದೇವರ ಜಗಲಿ, ಗಂಟಲು ಎಲ್ಲದರಲ್ಲೂ ಕೂರುತ್ತಿತ್ತು. ಆ ಮನೆಯವರಿಗೆ ಅದು ರೂಢಿ. ಅಕ್ಕನಿಗೆ ಮೊದಲ ವರ್ಷವೇ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ಬಂದವರ ಮುಂದೆ ಮಾತ್ರ ಅತ್ತೆ, “ನಮ್ಮ ಸೊಸಿ ಭಾಳ ಚಂದ ಹಾಡ್ತಾಳ್ರಿ,” ಎನ್ನುವುದು ತಪ್ಪಲಿಲ್ಲ. ಬಂದವರೂ ಹಾಡು ಕೇಳಿದಷ್ಟೇ ತೃಪ್ತಿಯಿಂದ ಎದ್ದು ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಮ್ಮೆ ಹೋದಾಗ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಕಸೂತಿಯ ಮುಸುಕು ತೆಗೆದು ನಾನೇ ಹಾರ್ಮೋನಿಯಂ ಇಳಿಸಿದೆ. “ಗಾಳಿ ಹಾಕ್ತೇನಿ, ಬಾರ್ಸು,” ಎಂದೆ. ಅಕ್ಕ ಎರಡೂ ಕೈ ಇಟ್ಟಳು. ತಿದಿ ಒತ್ತಿದೆ ನೋಡಿ, ಪೆಟ್ಟಿಗೆಯ ಸಂದುಗಳಿಂದ ಭುಸ್ಸೆಂದು ಕೆಂಪು ಧೂಳು ಎದ್ದಿತು. ಕೆಲವು ಸ್ವರದ ಮನೆಗಳು ಸತ್ತಿದ್ದವು, ಒಂದು ಮಾತ್ರ ಕೈ ತೆಗೆದರೂ ಕೂಗುತ್ತಲೇ ಇತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆವು.

“ನೋಡಿದಿ? ಇದಕ್ಕೂ ಕೆಮ್ಮು ಹತ್ತೈತಿ,” ಎಂದು ಅಕ್ಕ ನಕ್ಕಳು. ನಗುತ್ತಲೇ ಅತ್ತಳು. ಘಾಟಿನ ನೆಪ ಹೇಗೂ ಇತ್ತು.

ಕ್ಯಾಸೆಟ್ ಎಲ್ಲಿ ಎಂದು ಕೇಳಿದೆ. ಅವಳು ಮಾಳಿಗೆಯ ಕಡೆ ಕೈ ತೋರಿಸಿದಳು. ಒಣಹಾಕಿದ ಕಾಯಿಗೆ ಗಿಳಿ ಬಾರದಿರಲೆಂದು ಅವಳ ಮೈದುನ ಅದರ ಟೇಪು ಎಳೆದು ಕಟ್ಟಿಗೆಯಿಂದ ಕಟ್ಟಿಗೆಗೆ ಕಟ್ಟಿದ್ದ. ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಒಳ್ಳೆಯ ಹುಡುಗ, ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಇಂಗ್ಲಿಷ್ ಹಾಡು, ಯಾರಿಗೂ ತಿಳಿಯದ್ದು ಎಂದುಕೊಂಡಿದ್ದನಂತೆ.

ಆ ಮೈದುನನೇ ಈಗ ಮನೆಯ ಹಿರಿಯ. ಅಕ್ಕನ ಗಂಡ ತೀರಿಕೊಂಡ ಮೇಲೆ ಎಲ್ಲ ವ್ಯವಹಾರ ಅವನದೇ. ಅಂದು ಹಾವೇರಿಯ ಕನ್ಯೆಯ ಮನೆಯಲ್ಲಿ ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಬಂದು ಕೂತಳು. ಸಂಗೀತದಲ್ಲಿ ಪರೀಕ್ಷೆ ಕಟ್ಟಿದ್ದಾಳೆ ಎಂದು ಅವಳ ತಾಯಿ ಹೇಳಿದ್ದೇ ತಡ, ಮೈದುನನ ಮುಖ ಅರಳಿತು.

“ಹಂಗಾದ್ರ ಒಂದು ಹಾಡಾಗ್ಲಿ. ನಮ್ಮ ಮನ್ಯಾಗ ಹಾಡು ಅಂದ್ರ ಭಾಳ ಪ್ರೀತಿರಿ. ನಮ್ಮ ವೈನಿ ಎಷ್ಟು ಚಂದ ಹಾಡ್ತಾರ!” ಎಂದು ಅಕ್ಕನ ಕಡೆ ಕೈ ತೋರಿಸಿದ.

ಹುಡುಗಿ ಕಣ್ಣು ಮುಚ್ಚಿ ಶ್ರುತಿ ಹುಡುಕಿದಳು. ಇನ್ನೇನು ಬಾಯಿ ತೆರೆಯಬೇಕು, ಅಕ್ಕ ಬಾಗಿ ಅವಳ ಮುಂಗೈ ಹಿಡಿದಳು.

“ಬ್ಯಾಡವಾ,” ಎಂದಳು. “ನಿನಗ ಖರೇ ಹಾಡಾಕ ಬರ್ತಿದ್ರ ಇಲ್ಲಿ ಹಾಡಬ್ಯಾಡ. ಹಾಡಿದ್ರ ಒಪ್ಪಿಬಿಡ್ತಾರ.”

ಅಕ್ಕನ ಮಗ ನೆಲ ನೋಡಿದ. ಹುಡುಗಿ ಅಕ್ಕನ ಮುಖವನ್ನೇ ಒಂದು ಗಳಿಗೆ ನೋಡಿ, ಬಾಯಿ ಮುಚ್ಚಿಕೊಂಡು, ಎದ್ದು ಒಳಗೆ ಹೋದಳು. ಒಂದು ಹಾಡು ಹೊರಗೆ ಬರದೆ ಉಳಿದದ್ದಕ್ಕೆ ನನಗೆ ಸಮಾಧಾನವಾದದ್ದು ಅದೇ ಮೊದಲು.