ಅರಿವಳಿಕೆಯಲ್ಲಿ ಕೂಗಿದ ಕೂಗು

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕೋಲಾರದ ಆಸ್ಪತ್ರೆಯೊಂದರಲ್ಲಿ ನನಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆ ಕೊಯ್ಯುತ್ತಾರೆಂಬ ಭಯ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡ ಭಯ ನನ್ನ ಬಾಯಿಯದಾಗಿತ್ತು. ಎಚ್ಚರ ತಪ್ಪಿದಾಗ ಅದರಿಂದ ಏನು ಹೊರಬೀಳುವುದೋ, ಯಾರು ಕೇಳಿಸಿಕೊಳ್ಳುವರೋ ಎಂದು ಹೆದರಿದ್ದೆ.

ಈ ಭಯಕ್ಕೆ ಕಾರಣವಿತ್ತು. ಆಗ ನಾನು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ತಾತ್ಕಾಲಿಕ ಅಧ್ಯಾಪಕಿ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು. ನಮ್ಮೂರು ಗೌನಿಪಲ್ಲಿಯಿಂದ ಆಚೆ, ಆಂಧ್ರದ ಗಡಿಗೆ ತಾಗಿಕೊಂಡಿದೆ. ನಮ್ಮ ಮನೆಯಲ್ಲಿ ಮಾತು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಯುತ್ತಿತ್ತು. ಆ ಮಾತನ್ನು ನಾಲಿಗೆಯಿಂದ ಉಜ್ಜಿ ತೆಗೆಯಲು ನಾನು ಪಟ್ಟ ಶ್ರಮವನ್ನು ಪರೀಕ್ಷೆಗಳಿಗೂ ಪಟ್ಟಿರಲಿಲ್ಲ. ಅಧ್ಯಾಪಕರ ಕೋಣೆಯಲ್ಲಿ ಬಾಯಿ ತೆರೆಯುವ ಮುನ್ನ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕಾಫಿ ಬೇಕೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬರುವಷ್ಟರಲ್ಲಿ ಕಾಫಿ ಮುಗಿದಿರುತ್ತಿತ್ತು.

ಬೇಸಿಗೆ ರಜೆ ಮುಗಿದೊಡನೆ ನನ್ನ ಹುದ್ದೆಯನ್ನು ಖಾಯಂ ಮಾಡುವ ಸಂದರ್ಶನವಿತ್ತು. ಅದನ್ನು ನಡೆಸುವ ಆಡಳಿತ ಮಂಡಳಿಯ ಸದಸ್ಯರಲ್ಲಿ ಒಬ್ಬರು, ನನ್ನ ಹೊಟ್ಟೆ ಕೊಯ್ಯಬೇಕಾಗಿದ್ದ ಡಾಕ್ಟರೇ ಆಗಿದ್ದರು.

ನರಕೋಶದ ಪಾಠವನ್ನು ನಾನೇ ಮಾಡುತ್ತಿದ್ದೆ. ಕೋಶದ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ, ಅವು ತೆರೆದಾಗ ಸೋಡಿಯಂ ಒಳನುಗ್ಗುತ್ತದೆ, ಹಲ್ಲಿನ ಡಾಕ್ಟರು ಚುಚ್ಚುವ ಮದ್ದು ಆ ಬಾಗಿಲುಗಳನ್ನೇ ಅಡ್ಡಗಟ್ಟುತ್ತದೆ, ಆದ್ದರಿಂದ ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ವಿವರಿಸುತ್ತಿದ್ದೆ. ಆದರೆ ಇಡೀ ಮನುಷ್ಯನನ್ನು ಮಲಗಿಸುವ ಮದ್ದುಗಳ ವಿಷಯಕ್ಕೆ ಬಂದಾಗ ನಮ್ಮ ಪುಸ್ತಕ ಅರ್ಧ ಪುಟದಲ್ಲಿ ಮುಗಿದುಬಿಡುತ್ತಿತ್ತು. ಅವು ಪೊರೆಯ ಕೊಬ್ಬಿನಲ್ಲಿ ಕರಗುತ್ತವೆ ಎಂದಷ್ಟೇ ಬರೆದಿತ್ತು.

ಅರಿವಳಿಕೆಗೆ ಕೆಟಮಿನ್ ಎಂಬ ಇಂಜೆಕ್ಷನ್ ಕೊಡುವುದಾಗಿ ಡಾಕ್ಟರು ತಿಳಿಸಿದರು. "ಎಚ್ಚರ ಆಗೋವಾಗ ಕೆಲವರು ಸ್ವಲ್ಪ ಮಾತಾಡ್ತಾರೆ, ಅಷ್ಟೇ. ಗಾಬರಿ ಬೇಡ" ಎಂದರು. ನನ್ನ ಗಾಬರಿ ಶುರುವಾದದ್ದೇ ಅಲ್ಲಿಂದ.

ಊರಿನಿಂದ ಬಂದಿದ್ದ ಅಮ್ಮನನ್ನು ಹತ್ತಿರ ಕರೆದೆ.

"ಅಮ್ಮಾ, ನಾನು ಏನಾದ್ರೂ ಅಂದ್ರೆ ನನ್ನ ಬಾಯಿ ಮುಚ್ಚಿಬಿಡು."

"ಏನಂತೀಯೇ ಅಂಥದ್ದು? ಯಾರ ಮನೆಗೆ ಕನ್ನ ಹಾಕಿದ್ದೀಯ?"

"ನಮ್ಮೂರ ಮಾತು ಬಂದ್ಬಿಟ್ರೆ?"

"ಬಂದ್ರೆ ಬರ್ಲಿ ಕಣೇ. ಅದೇನು ಹುಚ್ಚುನಾಯಿನಾ, ಕಟ್ಟಿಹಾಕೋಕೆ?" ಎಂದು ಅಮ್ಮ ಸೆರಗಿನಿಂದ ನನ್ನ ಹಣೆ ಒರೆಸಿದಳು.

ಮುಂದೆ ನಡೆದುದನ್ನು ಹೇಳಬೇಕಾದರೆ ನಮ್ಮ ತೋಪಿನ ಒಂದು ರೂಢಿಯನ್ನು ತಿಳಿಸಬೇಕು. ಹಣ್ಣಿನ ಕಾಲದಲ್ಲಿ ನಮ್ಮ ಕಡೆ ಪ್ರತಿ ಮಾವಿನ ತೋಪಿನಲ್ಲೂ ಒಬ್ಬರು ಅಟ್ಟಣೆಯ ಮೇಲೆ ಕುಳಿತು ಗಿಣಿ, ಕೋತಿ, ಕಳ್ಳರಿಂದ ಫಸಲನ್ನು ಕಾಯುತ್ತಾರೆ. ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆಯುತ್ತದೆ. ಆದ್ದರಿಂದ ಒಂದು ತೋಪಿನವರು "ಉನ್ನಾರಾ... ಓ!" ಎಂದು ಕೂಗುತ್ತಾರೆ. ಇದ್ದೀರಾ ಎಂದು ಅರ್ಥ. ಪಕ್ಕದ ತೋಪಿನವರು "ಉನ್ನಾಮು... ಓ!" ಎಂದು ಓಗೊಡಲೇಬೇಕು. ಓಗೊಡದಿದ್ದರೆ ಅವರು ನಿದ್ದೆಹೋಗಿದ್ದಾರೆಂದೇ ಲೆಕ್ಕ. ಸಂಜೆ ಬಾವಿಯ ಬಳಿ ಸಿಕ್ಕಾಗ ಅವರಿಗೆ ಗೇಲಿ ತಪ್ಪಿದ್ದಲ್ಲ. ಹೈಸ್ಕೂಲು ಮುಗಿಯುವವರೆಗೂ ನಮ್ಮ ಬಾದಾಮಿ ಮಾವಿನ ತೋಪಿನ ಅಟ್ಟಣೆಯ ಮೇಲೆ ಕೂಗುತ್ತಿದ್ದವಳು ನಾನೇ. ಕಾಲೇಜಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಎಚ್ಚರವಾಗುವಾಗಿನದು ನನಗೆ ಚೂರುಚೂರಾಗಿ ನೆನಪಿದೆ. ಚಾವಣಿ ಹಸಿರಾಗಿ ತೂಗುತ್ತಿತ್ತು. ಯಾರೋ ಎತ್ತರಕ್ಕೆ ಕೈಚಾಚಿ ಏನನ್ನೋ ಕೀಳುತ್ತಿದ್ದರು. ಉಳಿದದ್ದನ್ನು ಮರುದಿನ ಸಿಸ್ಟರ್ ನಗು ತಡೆಯಲಾರದೆ ಹೇಳಿದರು. ಕೈಚಾಚಿದ್ದವರು ಡಾಕ್ಟರಂತೆ, ಗ್ಲೂಕೋಸ್ ಬಾಟಲಿಯನ್ನು ಸರಿಪಡಿಸುತ್ತಿದ್ದರಂತೆ.

"ಅವ್ರನ್ನ ನೋಡಿ ಏನಂದ್ರಿ ಗೊತ್ತಾ ಮೇಡಂ? 'ಯಾವನ್ಲಾ ಅವ್ನು, ಬಾದಾಮಿ ಕಾಯಿಗೆ ಕೈ ಹಾಕ್ದೋನು? ದಿಗ್ರಾ ಕೆಳಕ್ಕೆ! ಕಾಲು ಮುರೀತೀನಿ!' ಅಂದ್ರಿ."

"ಡಾಕ್ಟರು ಏನೆಂದರು?" ಎಂದು ಕೇಳಿದೆ.

"'ಇಳೀತೀನಿ ತಾಯಿ, ಕಾಲೊಂದು ಬಿಡು' ಅಂದ್ರು. ಆಮೇಲೆ ನೀವು ಕೂಗಿದ್ರಿ ನೋಡಿ, ಉನ್ನಾರಾ ಅಂತ, ಇಡೀ ಆಸ್ಪತ್ರೆ ಎದ್ದು ಕೂತ್ಕೊಳ್ತು!"

ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳಬಹುದಿತ್ತು. ಹಜಾರದಾಚೆಯ ಗಂಡಸರ ವಾರ್ಡಿನಲ್ಲಿ ನಮ್ಮ ಕಡೆಯ ವೃದ್ಧರೊಬ್ಬರು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಕೂಗು ಕಿವಿಗೆ ಬಿದ್ದೊಡನೆ ಅವರು ಹೊಲಿಗೆಯನ್ನೂ ಲೆಕ್ಕಿಸದೆ "ಉನ್ನಾಮು... ಓ!" ಎಂದು ಓಗೊಟ್ಟಿದ್ದರು. ನಾನು ಮತ್ತೆ ಕೂಗಿದೆನಂತೆ, ಅವರು ಮತ್ತೆ ಓಗೊಟ್ಟರಂತೆ. ಹೀಗೆ ಎಷ್ಟು ಸಲ ನಡೆಯಿತೆಂದು ನಾನು ಕೇಳಲಿಲ್ಲ. ಕೊನೆಗೆ ಅಮ್ಮ ನನ್ನ ಕಿವಿಯ ಬಳಿ, "ಗಿಣಿಯೆಲ್ಲಾ ಹೋದ್ವು ಕಣೇ, ಇನ್ನು ಮಲಕ್ಕೋ" ಎಂದ ಮೇಲೆ ಸುಮ್ಮನಾದೆನಂತೆ.

ನಾಚಿಕೆ ಎಂಬುದು ಮುಖದಲ್ಲಿ ಮಾತ್ರ ಇರುತ್ತದೆಂದು ಅದುವರೆಗೆ ಭಾವಿಸಿದ್ದೆ. ಅಂದು ಅದು ಹೊಲಿಗೆಯೊಳಗೂ ಸುಡುತ್ತಿತ್ತು. ಡಾಕ್ಟರು ರೌಂಡಿಗೆ ಬಂದಾಗ ಕಣ್ಣು ಮುಚ್ಚಿ ನಿದ್ದೆಯನ್ನು ನಟಿಸಿದೆ. ಅವರು ನಾಡಿ ಹಿಡಿದು ನೋಡಿ ಮುಂದೆ ಹೋದರು. ಅಮ್ಮ ಮಾತ್ರ ಊರಿನಿಂದ ತಂದಿದ್ದ ಹಣ್ಣುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಗಂಡಸರ ವಾರ್ಡಿಗೆ ಹೋಗಿ, ಓಗೊಟ್ಟವರನ್ನು ಮಾತನಾಡಿಸಿಕೊಂಡು ಬಂದಳು. ಅವರಿಬ್ಬರ ನಗು ಹಜಾರದಲ್ಲಿ ಕೇಳಿಸಿದಾಗ ನಾನು ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡೆ.

ಸಂದರ್ಶನದ ದಿನ ಗಂಜಿ ಹಾಕಿದ ಸೀರೆಯುಟ್ಟು, ವಾಕ್ಯಗಳನ್ನೂ ಹಾಗೆಯೇ ಗಂಜಿ ಹಾಕಿ ಸಿದ್ಧಪಡಿಸಿಕೊಂಡು ಹೋದೆ. ಮೇಜಿನಾಚೆ ಮಂಡಳಿಯ ಅಧ್ಯಕ್ಷರು, ಪ್ರಾಂಶುಪಾಲರು, ಡಾಕ್ಟರು ಕುಳಿತಿದ್ದರು. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು.

"ಅರಿವಳಿಕೆ ಮದ್ದು ನರಕೋಶದಲ್ಲಿ ಏನು ಮಾಡತ್ತೆ, ಹೇಳಿ ಮೇಡಂ."

ಪುಸ್ತಕದ ಅರ್ಧ ಪುಟವನ್ನು ತಪ್ಪಿಲ್ಲದೆ ಒಪ್ಪಿಸಿದೆ. ಮಂಡಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಅಧ್ಯಕ್ಷರು ಕನ್ನಡಕ ತೆಗೆದರು. "ನಂಗೊಂದೂ ತಿಳೀಲಿಲ್ಲಮ್ಮ. ಹಳ್ಳಿ ಹುಡುಗ್ರಿಗೆ ಹೆಂಗೆ ಹೇಳ್ತೀರೋ ಹಂಗೆ ಹೇಳಿ."

ಬೇರೆ ಹೋಲಿಕೆ ಹುಡುಕಿದೆ. ಸಿಗಲಿಲ್ಲ. ಇದ್ದದ್ದು ಒಂದೇ, ಅದನ್ನು ಹೇಳಿದರೆ ಮೇಜಿನಾಚೆಯ ಒಬ್ಬರಿಗೆ ಎಲ್ಲವೂ ನೆನಪಾಗುತ್ತಿತ್ತು.

"ನಮ್ಮ ಕಡೆ ಮಾವಿನ ತೋಪುಗಳಿವೆ, ಸರ್," ಎಂದು ಆರಂಭಿಸಿದೆ. "ಒಂದು ತೋಪಿಗೂ ಇನ್ನೊಂದಕ್ಕೂ ನಡುವೆ ಹಳ್ಳವಿರುತ್ತದೆ. ಈಚೆಯ ಕಾವಲಿನವರು ಕೂಗಿದರೆ ಆಚೆಯವರು ಓಗೊಡುತ್ತಾರೆ. ಹಾಗೆಯೇ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಸಂದು ಇದೆ. ಈಚೆಯ ಕೋಶ ಕೂಗುತ್ತದೆ. ಆಚೆಯ ಕೋಶದಲ್ಲಿ ಆ ಕೂಗನ್ನು ಹಿಡಿಯುವ ಗ್ರಾಹಕಗಳಿವೆ. ಅವು ಬಾಗಿಲು ತೆಗೆದರೆ ಕೋಶ ಓಗೊಡುತ್ತದೆ. ಮದ್ದು ಸೇರಿದ ಮೇಲೆ ಕೂಗು ಬಂದರೂ ಓಗೊಡುವವರಿಲ್ಲ. ಆ ಬಾಗಿಲಿಗೇ ಏನೋ ಆಗುತ್ತದೆಂದು ನನಗೆ ತೋರುತ್ತದೆ. ಪುಸ್ತಕದಲ್ಲಿ ಹಾಗಿಲ್ಲ."

ಕೆಟಮಿನ್ ಅಂಥ ಒಂದು ಗ್ರಾಹಕದ ಬಾಗಿಲಿನೊಳಗೇ ಸಿಕ್ಕಿಕೊಂಡು ದಾರಿ ಕಟ್ಟುತ್ತದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಅಂದು ಅದು ನನ್ನ ಊಹೆಯಾಗಿತ್ತು. ಅದನ್ನು ಆಡಿದ ಮರುಕ್ಷಣವೇ ಇಡೀ ಆಸ್ಪತ್ರೆಯ ಮುಂದೆ ಮತ್ತೊಮ್ಮೆ ಕೂಗಿದಂತಾಗಿ ತಲೆ ತಗ್ಗಿಸಿದೆ.

"ತಿಳೀತು ಬಿಡಮ್ಮ," ಎಂದರು ಅಧ್ಯಕ್ಷರು. "ಯಾವೂರ ತೋಪು ನಿಮ್ಮದು?"

ಊರಿನ ಹೆಸರು ಹೇಳಿದೆ. ಅದನ್ನು ಕೋಲಾರದಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಅವರು ಪ್ರಾಂಶುಪಾಲರ ಕಡೆಗೆ ತಿರುಗಿ, "ಇವ್ರನ್ನೇ ಇಟ್ಕೊಳ್ಳಿ" ಎಂದರು. ಕೈಮುಗಿದು ಎದ್ದೆ. ಬಾಗಿಲ ತನಕ ಹೋಗಿದ್ದೆ.

"ಮೇಡಂ," ಎಂದು ಡಾಕ್ಟರು ಕರೆದರು. ತಿರುಗಿ ನೋಡಿದೆ. ಅವರು ಬಹಳ ಗಂಭೀರವಾಗಿ ಕೇಳಿದರು: "ನಾನಿನ್ನು ಮರದಿಂದ ಇಳೀಬಹುದಾ?"

ಅಧ್ಯಕ್ಷರೂ ಪ್ರಾಂಶುಪಾಲರೂ ಅರ್ಥವಾಗದೆ ನಮ್ಮಿಬ್ಬರ ಮುಖ ನೋಡಿದರು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಒಂದು ವಾಕ್ಯವೂ ಒದಗಲಿಲ್ಲ.

"ಇಳೀರಿ ಸಾರ್," ಎಂದೆ.